ಚೇಚಿಯ ಹಲ್ಲಿನ ಲೋಟ

ಬೇರೆ ಹೆಂಗಸರು ಕೆಲಸಕ್ಕೆ ಕೈಹಾಕುವ ಮುಂಚೆ ಸೆರಗು ಸಿಕ್ಕಿಸಿಕೊಳ್ಳುತ್ತಾರೆ, ಬಳೆ ಮೇಲಕ್ಕೆ ಸರಿಸಿಕೊಳ್ಳುತ್ತಾರೆ. ಕಲ್ಯಾಣಿ ಚೇಚಿ ಹಲ್ಲು ಬಿಚ್ಚಿಡುತ್ತಿದ್ದರು. ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ತೆಗೆದು, ತೊಳೆದು, ಮುಚ್ಚಳವಿದ್ದ ಸ್ಟೀಲ್ ಲೋಟದ ನೀರಿಗೆ ಹಾಕಿ, ಶಿಶುವಿಹಾರದ ಕಿಟಕಿಯಲ್ಲಿಟ್ಟರೆಂದರೆ ಅವರ ಡ್ಯೂಟಿ ಶುರು. ಸಂಜೆ ಬಾಗಿಲು ಹಾಕುವಾಗ ಮತ್ತೆ ಹಾಕಿಕೊಳ್ಳುತ್ತಿದ್ದರು. ಬಸ್ಸಿಗೆ, ಫೋಟೋಗೆ, ಧಣಿಗಳು ಬಂದಾಗ ಮಾತಾಡುವುದಕ್ಕೆ ಹಲ್ಲು ಬೇಕು, ಮಕ್ಕಳಿಗೆ ಉಣಿಸುವುದಕ್ಕೆ ಯಾಕೆ ಬೇಕು ಅನ್ನುವುದು ಅವರ ವಾದ.

ಆ ಶಿಶುವಿಹಾರ ವಿರಾಜಪೇಟೆಯಿಂದ ಸ್ವಲ್ಪ ಒಳಗಿರುವ ಒಂದು ಕಾಫಿ ಎಸ್ಟೇಟಿನದು. ನನ್ನ ಗಂಡ ಅಲ್ಲಿ ರೈಟರು, ಅಂದರೆ ಆಳುಗಳ ಹಾಜರಿ, ಕೆಲಸ ನೋಡಿಕೊಳ್ಳುವವರು. ಹಾಗಾಗಿ ನಾನು ಎಲ್ಲರಿಗೂ ರೈಟರಮ್ಮ. ಚೇಚಿ ಕೇರಳ ಗಡಿಯ ಮಾಕುಟ್ಟದ ಕಡೆಯವರು. ಮೊದಲು ತೋಟದಲ್ಲಿ ಪಿಕ್ಕಿಂಗ್, ಅಂದರೆ ಕಾಫಿ ಹಣ್ಣು ಕೀಳುವ ಕೆಲಸ, ಮಾಡುತ್ತಿದ್ದರಂತೆ, ಮಂಡಿ ಸೋತ ಮೇಲೆ ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ಹಾಕಿದರು. ಅವರ ಕನ್ನಡದಲ್ಲಿ ಅರ್ಧ ಮಲಯಾಳ. ಪ್ರತಿ ಮಾತಿನ ಕೊನೆಗೆ "ಕೇಟ್ಟೋ" ಅನ್ನುವರು. ಕೇಳಿಸ್ತಾ ಅಂತ ಅರ್ಥ. ಚೇಚಿ ಅಂದರೆ ಅಕ್ಕ. ಎರಡು ವರ್ಷದ ಮಕ್ಕಳಿಂದ ಹಿಡಿದು ಧಣಿಗಳವರೆಗೆ ಎಲ್ಲರಿಗೂ ಅವರು ಅಕ್ಕನೇ.

ನಾನು ಅವರ ಹತ್ತಿರ ಹೋದದ್ದು ಮಗಳಿಗೆ ಒಂಬತ್ತು ತಿಂಗಳಾದಾಗ. ಮಗಳಿಗೆ ಆಗಿನ್ನೂ ಒಂದು ಹಲ್ಲೂ ಬಂದಿರಲಿಲ್ಲ. ರಾಗಿ ಸರಿ ಮಾಡಿ ಚಮಚ ಹತ್ತಿರ ತಂದರೆ ಬಾಯಿಗೆ ಬೀಗ. ಎರಡು ತಿಂಗಳಿಂದ ತೂಕ ನಿಂತಲ್ಲೇ ನಿಂತಿತ್ತು. ತೂಕದ ಕಾರ್ಡಿನ ಗೆರೆ ಹಸಿರಿನಿಂದ ಹಳದಿಗೆ ಇಳಿಯಿತು. ಮುಂದಿನ ತಿಂಗಳೂ ಹೀಗೇ ಆದರೆ ಮಡಿಕೇರಿಗೆ ಕರೆದುಕೊಂಡು ಹೋಗಿ ಅಡ್ಮಿಟ್ ಮಾಡಿ ಎಂದು ತೂಕ ನೋಡುವ ಸಿಸ್ಟರ್ ಹೇಳಿದರು. ಗಂಡ ಎರಡು ದಿನ ಊಟ ಬಿಟ್ಟರು. ನನಗೆ ಏನೂ ಅನ್ನಿಸಲಿಲ್ಲ. ಇದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ನಿಜ. ಮಗು ಅತ್ತರೆ ಎತ್ತಿಕೊಳ್ಳುತ್ತಿದ್ದೆ, ಒದ್ದೆಯಾದರೆ ಬಟ್ಟೆ ಬದಲಾಯಿಸುತ್ತಿದ್ದೆ. ಅಷ್ಟೇ.

ಅದಕ್ಕೂ ಹಿಂದಿನದು ಸ್ವಲ್ಪ ಹೇಳಬೇಕು. ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಶನಿವಾರಸಂತೆ ಕಡೆಯ ನಮ್ಮೂರಲ್ಲಿ ಅಮ್ಮ ಹೋಗಿಬಿಟ್ಟಳು. ಬಸುರಿಯಾದವಳು ಹೆಣ ನೋಡಬಾರದು ಅಂತ ಚಿಕ್ಕಮ್ಮ ನನ್ನನ್ನು ಪಕ್ಕದ ಮನೆಯಲ್ಲಿ ಕೂರಿಸಿದಳು. ಅಳಲೂಬಾರದು, ಒಳಗಿರುವುದಕ್ಕೆ ಏಟು ಬೀಳುತ್ತದೆ ಅಂದಳು. ನಮ್ಮವರಲ್ಲಿ ಹೆಣವನ್ನು ಕೂರಿಸಿ ಹೂಳುತ್ತಾರೆ. ಅಮ್ಮನನ್ನೂ ಕೂರಿಸಿದರಂತೆ, ಹಸಿರು ಸೀರೆ ಉಡಿಸಿದ್ದರಂತೆ. ನನ್ನ ಪಾಲಿಗೆ ಬಂದದ್ದು ಬರೀ ಈ "ಅಂತೆ"ಗಳು. ಚಿಕ್ಕಮ್ಮ ಹೇಳಿದ ಹಾಗೆ ಕೇಳಿದೆ, ಅಳಲಿಲ್ಲ. ಆಮೇಲೆ ಹೆರಿಗೆಯಾಯಿತು, ಅಳಬಹುದಿತ್ತು, ಅಳು ಬರಲಿಲ್ಲ.

ಸಿಸ್ಟರ್ ಹೋಗುವಾಗ ಇನ್ನೊಂದು ಮಾತು ಹೇಳಿದ್ದರು. ಚಮಚ ಬಿಡಿ, ಬೆರಳಿನಷ್ಟು ಬೆರಳಿನಷ್ಟು ತುಂಡು ಮಾಡಿ ಮಗುವಿನ ಕೈಗೇ ಕೊಡಿ ಅಂತ. ನಾನು ಮಗಳ ಬೆರಳು ನೋಡಿಕೊಂಡೆ. ಅದೇ ಅಳತೆಗೆ ಕ್ಯಾರೆಟ್ಟನ್ನು ಸಣ್ಣಸಣ್ಣಗೆ ದುಂಡಗೆ ಹೆಚ್ಚಿ, ಅರೆಬರೆ ಬೇಯಿಸಿ, ಬಟ್ಟಲಿಗೆ ಹಾಕಿಕೊಂಡು ಶಿಶುವಿಹಾರಕ್ಕೆ ಹೋದೆ. ಮನೆಯಲ್ಲಿ ಒಬ್ಬಳೇ ಕೊಡಲು ಧೈರ್ಯವಿರಲಿಲ್ಲ. ಚೇಚಿ ಒಳಗೆ ಪಾತ್ರೆ ತೊಳೆಯುತ್ತಿದ್ದರು, ಅಷ್ಟರಲ್ಲಿ ನಾನು ಒಂದು ತುಂಡು ಮಗಳ ಕೈಗಿಟ್ಟೆ. ಅವಳು ಸೀದಾ ಬಾಯಿಗೆ ಹಾಕಿಕೊಂಡಳು. ಓಕರಿಸಿದಳು, ಕೆಮ್ಮಿದಳು, ಮುಖ ಕೆಂಪಾಯಿತು. ನಾನು ಬಾಯಿಗೆ ಬೆರಳು ಹಾಕಿ ತೆಗೆಯಲು ಹೋದೆ. ಎಲ್ಲಿದ್ದರೋ ಚೇಚಿ, ಬಂದು ನನ್ನ ಎದೆಗೆ ಅಡ್ಡವಾಗಿ ಅಂಗೈ ಹಿಡಿದರು. ಒದ್ದೆ ಕೈ, ಸೋಪಿನ ನೊರೆ ಹಾಗೇ ಇತ್ತು.

"ಮುಟ್ಟಬೇಡಿ. ಒಳಗೆ ತಳ್ಳಿಬಿಡ್ತೀರಿ. ಸದ್ದು ಉಂಟಲ್ಲ? ಸದ್ದು ಇದ್ರೆ ಹೆದ್ರಬೇಡಿ. ಸದ್ದು ನಿಂತ್ರೆ ಹೆದ್ರಬೇಕು. ನಿಂತ್ರೆ ನಾನು ಬಿಡ್ತೇನಾ, ತಿರುಗಿಸಿ ಹಾಕಿ ಬೆನ್ನಿಗೆ ಕೊಡ್ತೇನೆ, ಕೇಟ್ಟೋ?"

ಅವರ ಕಣ್ಣು ಮಾತ್ರ ಮಗುವಿನ ಬಾಯಿಯ ಮೇಲೇ ಇತ್ತು. ಮಗಳು ಇನ್ನೆರಡು ಸಲ ಕೆಮ್ಮಿದಳು, ತುಂಡು ಎದೆಯ ಮೇಲೆ ಬಿತ್ತು. ಅವಳು ಅದನ್ನೇ ಮತ್ತೆ ಎತ್ತಿಕೊಳ್ಳಲು ಹೋದಳು. ಚೇಚಿ ಕಸಿದುಕೊಂಡು ತಮ್ಮ ಬಾಯಿಗೆ ಹಾಕಿ ಒಸಡಿನಲ್ಲಿ ಒತ್ತಿದರು. ಅದು ಜಗ್ಗಲಿಲ್ಲ. ಬಟ್ಟಲನ್ನು ಕೋಳಿಗಳ ಮುಂದೆ ಸುರಿದು ಬಂದು ಯಾರು ಹೀಗೆ ಹೆಚ್ಚಲು ಹೇಳಿದ್ದು ಎಂದು ಕೇಳಿದರು. ಸಿಸ್ಟರ್ ಬೆರಳಿನಷ್ಟು ಅಂದರು ಅಂದೆ.

"ಯಾರ ಬೆರಳು?" ಅಂದರು ಚೇಚಿ. ಆಮೇಲೆ ತಮ್ಮದೇ ಬೆರಳು ಎತ್ತಿ ತೋರಿಸಿದರು. "ನಮ್ಮ ಬೆರಳು, ರೈಟರಮ್ಮ. ಮಗೂದಲ್ಲ."

ಅವತ್ತಿನಿಂದ ನಾನು ದಿನಾ ಹೋದೆ. ಚೇಚಿ ನೇಂದ್ರ ಬಾಳೆಹಣ್ಣು ಬೇಯಿಸಿ ಉದ್ದಕ್ಕೆ ಸೀಳುವರು, ಗೆಣಸು, ಸೀಹಿಕುಂಬಳ, ಸೀಮೆಬದನೆ ಎಲ್ಲ ಹಾಗೇ. ಮಗು ಮುಷ್ಟಿಯಲ್ಲಿ ಹಿಡಿದರೆ ಮೇಲೆ ಇಷ್ಟು ಉಳಿಯಬೇಕು, ಆ ಉಳಿದದ್ದನ್ನು ತಿನ್ನುತ್ತದೆ. ಪ್ರತಿಯೊಂದು ಬೇಯಿಸಿದ ಪಾತ್ರೆಯಿಂದ ಮೊದಲ ತುಂಡು ಅವರ ಬಾಯಿಗೆ. ಒಸಡಿನ ಮಧ್ಯೆ ಒತ್ತಿ ನೋಡುವರು. ಪಿಚ್ಚೆಂದರೆ ಪಾಸು, ಇಲ್ಲದಿದ್ದರೆ ಮತ್ತೆ ಒಲೆಗೆ. ಲೈನಿನ, ಅಂದರೆ ಆಳುಗಳ ಸಾಲುಮನೆಗಳ ಹೆಂಗಸರು ನಗುತ್ತಿದ್ದರು, ಮಕ್ಕಳ ನೆಪದಲ್ಲಿ ಮುದುಕಿ ಬಾಳೆಹಣ್ಣು ಹೊಡೆಯುತ್ತಾಳೆ ಅಂತ. ಚೇಚಿಯೂ ಬಾಯಿ ತೆರೆದು ತೋರಿಸಿ ನಗುವರು. ಖಾಲಿ ಬಾಯಿ, ನನ್ನ ಮಗಳದೂ ಅಂಥದ್ದೇ. ಇಬ್ಬರೂ ಎದುರುಬದುರು ಕೂತು ಗೆಣಸು ತಿನ್ನುತ್ತಿದ್ದರೆ ಒಂದೇ ವಯಸ್ಸಿನವರ ಹಾಗೆ ಕಾಣುತ್ತಿದ್ದರು. ಹಲ್ಲಿಲ್ಲದೆ ಹೇಗೆ ಅಗಿಯುತ್ತದೆ ಎಂದು ಒಮ್ಮೆ ಕೇಳಿದ್ದಕ್ಕೆ ನನ್ನ ಬೆರಳನ್ನು ಮಗಳ ಬಾಯಿಗೆ ಇಡಿಸಿದರು. ಅಬ್ಬಾ, ಆ ಒಸಡಿನ ಬಿಗಿ! ಅವಳಿಗೆ ಅಷ್ಟು ಶಕ್ತಿ ಇದೆ ಎಂದು ಒಂಬತ್ತು ತಿಂಗಳು ನನಗೆ ಗೊತ್ತೇ ಇರಲಿಲ್ಲ.

ಮಗಳು ತಿಂದದ್ದಕ್ಕಿಂತ ಮೈಗೆ ಬಳಿದುಕೊಂಡದ್ದು ಜಾಸ್ತಿ. ಆದರೂ ಮುಂದಿನ ತೂಕದಲ್ಲಿ ಗೆರೆ ಅಲುಗಿತು, ಅದರ ಮುಂದಿನದರಲ್ಲಿ ಹಸಿರಿಗೆ ಹತ್ತಿತು. ಗಂಡ ಎಲ್ಲರಿಗೂ ಸಿಹಿ ಹಂಚಿದರು. ನಾನು ಕಾರ್ಡು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಚೇಚಿ ನನ್ನನ್ನೇ ನೋಡುತ್ತಿದ್ದರು.

"ಮಗೂಗೆ ಸದ್ದು ಉಂಟು," ಅಂದರು. "ನಿಮ್ಗೇ ಇಲ್ಲ, ಮೋಳೇ."

ಮೋಳೆ ಅಂದರೆ ಮಗಳೇ ಅಂತ. ಅವರು ನನ್ನನ್ನು ರೈಟರಮ್ಮ ಅನ್ನದೆ ಇದ್ದದ್ದು ಅದೊಂದೇ ಸಲ. ನನಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ ಅಂದೆ. ಚೇಚಿ ಬೇಯಿಸಿದ ಬಾಳೆಹಣ್ಣಿನ ಒಂದು ಸೀಳು ನನ್ನ ಕೈಗೂ ಕೊಟ್ಟರು. ಮಗಳ ಹಾಗೇ ಮುಷ್ಟಿಯಲ್ಲಿ ಹಿಡಿದುಕೊಂಡು ತಿಂದೆ. ರುಚಿ ಗೊತ್ತಾಗಲಿಲ್ಲ.

ಮಗಳಿಗೆ ಹಲ್ಲು ಬಂದವು. ವರ್ಷ ತುಂಬಿದ ಮೇಲೆ ಒಂದರ ಹಿಂದೆ ಒಂದು. ಈಗ ಅವಳು ಮೂರರ ಹತ್ತಿರ, ಕಡಲೆ ಚಿಕ್ಕಿ ಬೇಕು ಅಂತ ಹಟ ಮಾಡುತ್ತಾಳೆ. ಈ ವರ್ಷ ಪಿಕ್ಕಿಂಗ್ ಮುಗಿಯುವ ಹೊತ್ತಿಗೆ ಚೇಚಿ ಒಂದು ದಿನ ಎದೆ ಹಿಡಿದ ಹಾಗಾಗುತ್ತದೆ ಅಂತ ಮಧ್ಯಾಹ್ನವೇ ಮನೆಗೆ ಹೋದರು. ಮರುದಿನ ಬೆಳಿಗ್ಗೆ ಏಳಲಿಲ್ಲ.

ಗಂಡ ನೀನು ಬರಬೇಡ, ನಾನು ಹೋಗಿಬರುತ್ತೇನೆ ಅಂದರು. ಬರುತ್ತೇನೆ ಅಂದೆ. ಲೈನಿನ ಮುಂದೆ ಚಾಪೆ ಹಾಸಿ ಮಲಗಿಸಿದ್ದರು. ಕೇರಳದಿಂದ ಚೇಚಿಯ ಮಗಳು ಬಂದಿದ್ದಳು. ಅವಳು ತಾಯಿಯ ಮುಖ ನೋಡಿ ನೋಡಿ, ಇದು ಅಮ್ಮನ ಹಾಗೆ ಕಾಣುವುದಿಲ್ಲ, ಬಾಯಿ ಒಳಗೆ ಹೋಗಿದೆ, ಹಲ್ಲೆಲ್ಲಿ ಎಂದು ಕೇಳುತ್ತಿದ್ದಳು. ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಶಿಶುವಿಹಾರದ ಬೀಗ ತೆಗೆಸಿ ಕಿಟಕಿಯಲ್ಲಿದ್ದ ಲೋಟ ತಂದೆ. ದಾರಿಯುದ್ದಕ್ಕೂ ಹಲ್ಲು ಒಳಗೆ ಟಕಟಕ ಅನ್ನುತ್ತಿದ್ದವು.

ಹಾಕಲಾಗಲಿಲ್ಲ. ದವಡೆ ಬಿಗಿದುಹೋಗಿತ್ತು. ಆ ಮಗಳು ಪ್ರಯತ್ನಿಸಿ ಕೈಬಿಟ್ಟಳು, ಹಲ್ಲನ್ನು ಮತ್ತೆ ಲೋಟಕ್ಕೆ ಹಾಕಿ ನನ್ನ ಕೈಗೇ ಕೊಟ್ಟಳು. ನನಗೆ ಆ ಮುಖ ಚೇಚಿಯದೇ ಆಗಿ ಕಾಣುತ್ತಿತ್ತು, ಡ್ಯೂಟಿಯಲ್ಲಿದ್ದಾಗಿನ ಮುಖ. ನೋಡುತ್ತಾ ನಿಂತೆ. ಯಾರೂ ಬೇಡ ಅನ್ನಲಿಲ್ಲ, ಯಾರೂ ಪಕ್ಕದ ಮನೆಗೆ ಕರೆದುಕೊಂಡು ಹೋಗಲಿಲ್ಲ. ನನ್ನ ಅಮ್ಮನಿಗೆ ಕೊನೆಗೆ ಎಷ್ಟು ಹಲ್ಲು ಉಳಿದಿದ್ದವು ಅಂತ ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

ಆಗ ನನ್ನ ಗಂಟಲಿನಿಂದ ಏನೋ ಬಂತು. ಅಳುವಿನ ಹಾಗಿರಲಿಲ್ಲ. ಕ್ಯಾರೆಟ್ ಸಿಕ್ಕಿಕೊಂಡ ದಿನ ಮಗಳು ಮಾಡಿದ ಹಾಗೆ, ಓಕರಿಕೆ, ಕೆಮ್ಮು, ಮತ್ತೆ ಓಕರಿಕೆ. ನಿಲ್ಲಲೇ ಇಲ್ಲ. ಹೆಂಗಸರೆಲ್ಲ ತಿರುಗಿ ನೋಡಿದರು. ಗಂಡ ಗಾಬರಿಯಾಗಿ ಏನಾಯ್ತು, ಏನಾಯ್ತು ಎನ್ನುತ್ತಾ ಓಡಿಬಂದು ನನ್ನನ್ನು ಹಿಡಿಯಲು ಕೈಚಾಚಿದರು.

ಲೋಟ ಎಡಗೈಯಲ್ಲಿತ್ತು. ಬಲಗೈಯನ್ನು ಅವರ ಎದೆಗೆ ಅಡ್ಡ ಹಿಡಿದೆ.

"ಹೆದರಬೇಡಿ," ಅಂದೆ. "ಸದ್ದು ಇದೆಯಲ್ಲ."