ಕೆಳಕ್ಕೆ ಓದೋರು

ನನ್ನ ಹೆಸರಿನಲ್ಲಿ ಅಚ್ಚಾಗಿ, ನನಗೆ ಹಾರ ತುರಾಯಿ ತಂದುಕೊಟ್ಟ ಕಾದಂಬರಿಯ ಮೊದಲ ವಾಕ್ಯ ನನ್ನದಲ್ಲ. ಎರಡನೆಯದೂ ನನ್ನದಲ್ಲ. ನೆಟ್ಟಗೆ ಹೇಳಬೇಕೆಂದರೆ, ಅದನ್ನು ಓದಿದವರು ಎಲ್ಲೆಲ್ಲಿ ಕಣ್ಣೊರೆಸಿಕೊಂಡರೋ ಅಲ್ಲೆಲ್ಲ ಬರೆದವಳು ರತ್ನಮ್ಮ. ಚಿನ್ನದ ಗಣಿಯ ಊರಾದ ಊರಿಗಾಂನಲ್ಲಿ ನಾನು ಕನ್ನಡ ಮೇಷ್ಟ್ರಾಗಿದ್ದ ಶಾಲೆಯಲ್ಲಿ ಗಂಟೆ ಹೊಡೆದು, ಕಸ ಗುಡಿಸಿ, ಮಕ್ಕಳಿಗೆ ನೀರು ತುಂಬಿಡುತ್ತಿದ್ದ ಆಯಾ. ಆಕೆಯ ನೋಟ್‌ಬುಕ್ಕನ್ನು ತಿದ್ದಿಕೊಡುತ್ತೇನೆಂದು ಇಸಕೊಂಡೆ. ಆಮೇಲೆ ಕಳೆದುಹೋಯಿತು ಎಂದೆ. ಕಳೆದಿರಲಿಲ್ಲ.

ಈಗ ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಪ್ರಕಾಶಕರು ಮತ್ತೆ ಅಚ್ಚು ಹಾಕುತ್ತಿದ್ದಾರೆ. ಹೊಸ ಮುನ್ನುಡಿ ಬೇಕಂತೆ. "ಕಾದಂಬರಿ ಹುಟ್ಟಿದ ಕಥೆ ಬರೆಯಿರಿ ಸಾರ್, ಓದುಗರಿಗೆ ಖುಷಿಯಾಗುತ್ತೆ" ಎಂದರು. ಬರೆಯುತ್ತಿದ್ದೇನೆ. ಯಾರಿಗೆ ಎಷ್ಟು ಖುಷಿಯಾಗುತ್ತದೋ ನೋಡೋಣ.

ನಾನು ಬಂಗಾರಪೇಟೆಯ ಪಕ್ಕದ ಹಳ್ಳಿಯವನು. ರಾಗಿ ಹೊಲ, ಎರಡು ಎಮ್ಮೆ, ಅರ್ಧ ಕನ್ನಡ ಅರ್ಧ ತೆಲುಗು ಆಡುವ ಮನೆ. ನಮ್ಮ ಕಡೆಯ ನಾಲಿಗೆಗೆ 'ಹ' ಬರುವುದಿಲ್ಲ. ಹಾಲು ಆಲಾಗುತ್ತದೆ, ಹೋಗು ಓಗು ಆಗುತ್ತದೆ. ಮೈಸೂರಿನ ಹಾಸ್ಟೆಲ್ಲಿಗೆ ಓದಲು ಹೋದ ಮೊದಲ ವಾರ ಅಡುಗೆಯವನ ಹತ್ತಿರ "ಆಲು ಕೊಡಿ" ಎಂದೆ. "ಆಲದ ಮರ ಕುಡೀತಾನಂತೆ ಕಣ್ರೋ" ಎಂದು ಪಂಕ್ತಿಯೆಲ್ಲ ನಕ್ಕಿತು. ಆ ಹೆದರಿಕೆಗೆ ನಾನು ಸಿಕ್ಕಸಿಕ್ಕಲ್ಲಿ 'ಹ' ಸೇರಿಸತೊಡಗಿ, ಒಂದು ದಿನ "ಹಕ್ಕಿ ಅನ್ನ" ಎಂದುಬಿಟ್ಟೆ. ಅಕ್ಕಿ ಹಕ್ಕಿಯಾಗಿತ್ತು. ಮೂರು ವರ್ಷ ನನ್ನನ್ನು ಹಕ್ಕಿ ಎಂದೇ ಕರೆದರು. ಇದನ್ನು ನೆಪವಾಗಿ ಹೇಳುತ್ತಿಲ್ಲ. ನೆಪವಲ್ಲ, ನನ್ನ ಮೇಲಿನ ಇನ್ನೊಂದು ಆರೋಪ ಇದು. ಪೆಟ್ಟು ಎಲ್ಲಿ ಬೀಳುತ್ತದೆ, ಎಷ್ಟು ನೋಯುತ್ತದೆ ಎಂದು ಗೊತ್ತಿಲ್ಲದವನು ಹೊಡೆದರೆ ಅದು ಬೇರೆ. ನನಗೆ ಚೆನ್ನಾಗಿ ಗೊತ್ತಿತ್ತು.

ಎಪ್ಪತ್ತರ ದಶಕದ ಕೊನೆ. ದಸರಾ ರಜೆಯಲ್ಲಿ ಬಂಗಾರಪೇಟೆಯಲ್ಲಿ ಮೂರು ದಿನದ ಕಥಾ ಕಮ್ಮಟ ಇಟ್ಟುಕೊಂಡಿದ್ದೆವು. ಕಮ್ಮಟ ಎಂದರೆ ಗೊತ್ತಲ್ಲ — ಹೊಸಬರು ಬರೆದದ್ದನ್ನು ಓದುವುದು, ಹಳಬರು ಅದನ್ನು ಹರಿದು ಹಂಚುವುದು, ನಡುವೆ ಚಿತ್ರಾನ್ನ. ಅದರಲ್ಲಿ ನಾನೊಬ್ಬ ಮಾರ್ಗದರ್ಶಕ. ನನ್ನ ಎರಡು ಕಥೆ ಪತ್ರಿಕೆಯಲ್ಲಿ ಬಂದಿದ್ದವು, ಅಷ್ಟಕ್ಕೇ ಹೆಗಲ ಮೇಲೆ ಶಾಲು ಬಂದಿತ್ತು. ರಜೆಗೆ ಮುಂಚೆ ರತ್ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ್ದಳು.

"ಸಾರ್, ನಾನೂ ಬರ್ಬೋದಾ? ಏಳ್ನೇ ಕ್ಲಾಸ್ ಗಂಟ ಕನ್ನಡ ಕಲ್ತಿವ್ನಿ."

"ನೀನೇನಮ್ಮ ಬರೀತೀಯ?"

"ನಮ್ಮವ್ರದು ಸಾರ್. ಅವ್ರಿಗೆ ಗೋರಿ ಇಲ್ಲ. ಒಳಗೇ ಉಳ್ಕೊಂಡ್ರು. ಎಸ್ರಾದ್ರೂ ಒಂದ್ ಕಡೆ ಅಚ್ಚಾಗ್ಲಿ ಅಂತ."

ಆಕೆಯ ಗಂಡ ಕದಿರಪ್ಪ ಗಣಿಯ ಕೆಲಸಗಾರ. ನೆಲದಾಳದಲ್ಲಿ ಬಂಡೆ ಸಿಡಿದು ಸತ್ತವನು. ಹೆಣ ತೆಗೆಯಲಾಗಲಿಲ್ಲ. ಅದನ್ನು ಚಾಂಪಿಯನ್ ರೀಫ್ಸ್‌ನ ಲೈನು ಮನೆಯಲ್ಲಿ, ಎಂದರೆ ಗಣಿ ಕೆಲಸಗಾರರ ಸಾಲುಮನೆಯಲ್ಲಿ, ಕೂತು ಇಡೀ ಒಂದು ನೋಟ್‌ಬುಕ್ಕಿನ ತುಂಬ ಆಕೆ ಬರೆದಿದ್ದಳು. ಕಮ್ಮಟದಲ್ಲಿ ಆರಿಸಿದ್ದನ್ನೆಲ್ಲ ಒಂದು ಪುಸ್ತಕವಾಗಿ ತರುತ್ತೇವೆಂದು ನಾವು ಕರಪತ್ರದಲ್ಲಿ ಹಾಕಿದ್ದೆವು. ಆಕೆಗೆ ಬೇಕಾಗಿದ್ದದ್ದು ಅಷ್ಟೇ. ಆ ಪುಸ್ತಕದಲ್ಲಿ ಒಂದು ಹೆಸರು. ತನ್ನದಲ್ಲ, ಅವನದು.

ಮೊದಲ ದಿನ ಮಧ್ಯಾಹ್ನ ಆಕೆಯ ಸರದಿ ಬಂತು. ನಾಚಿಕೆಗೆ ಬಾಯಿ ಬರಲಿಲ್ಲ, ನೋಟ್‌ಬುಕ್ಕನ್ನು ನನ್ನ ಕೈಗೇ ಕೊಟ್ಟು "ನೀವೇ ಓದ್ಬುಡಿ ಸಾರ್" ಎಂದಳು. ನಾನು ಎದ್ದು ನಿಂತು ಓದಿದೆ. "ಕೆಳಕ್ಕೆ ಓದೋರು ಮೇಲಕ್ಕೆ ಬರಲಿಲ್ಲ. ಸಂಗು ಊದೋ ಒತ್ತಲ್ಲ, ಆದ್ರೂ ಊದ್ತು." ಸಂಗು ಎಂದರೆ ಗಣಿಯ ಸೈರನ್ನು, ಲೈನುಗಳಲ್ಲಿ ಎಲ್ಲರ ಬಾಯಲ್ಲೂ ಇರುವ ತಮಿಳು ಮಾತು. ಓದೋರು ಎಂದರೆ ಹೋದವರು. ನಮ್ಮ ಕಡೆಯ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ನನ್ನ ತಾಯಿ ದಿನಾ ಆಡುವ ಮಾತು. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಎದುರಿಗೆ ಬೆಂಗಳೂರಿನಿಂದ ಬಂದಿದ್ದ ಇಬ್ಬರು ಸಾಹಿತಿಗಳು ಕೂತಿದ್ದರು. ಇವನೂ ಇದೇ ಮಣ್ಣಿನವನು ಎಂದು ಅವರು ತಿಳಿದುಬಿಟ್ಟರೆ — ಆ ಹಾಳು ಹೆದರಿಕೆ.

"ಏನಮ್ಮ ರತ್ನಮ್ಮ, ಗಣಿಯ ಕೆಳಗೆ ಲೈಬ್ರರಿ ಇದೆಯೇನು? ಪುಸ್ತಕ ಬಿಟ್ಟು ಬರೋಕೆ ಮನಸ್ಸಾಗಲಿಲ್ಲವೋ ಓದೋರಿಗೆ?"

ಇಡೀ ಕೋಣೆ ನಕ್ಕಿತು. ಬೆಂಗಳೂರಿನವರಲ್ಲಿ ಒಬ್ಬರು ಮೇಜು ಕುಟ್ಟಿ ನಕ್ಕರು. ಎಲ್ಲರೂ ನಗುತ್ತಿದ್ದಾರಲ್ಲ ಎಂದು ಮೊದಲು ಆಕೆಯೂ ನಕ್ಕಳು. ಆಮೇಲೆ ಅರ್ಥವಾಯಿತು. ಆಕೆಯ ಮುಖ ಆಗ ಹೇಗಾಯಿತು ಎಂದು ಬರೆಯಬಲ್ಲೆ, ಅಂಥದ್ದನ್ನು ಬರೆದೇ ಹೆಸರು ಮಾಡಿದವನು ನಾನು. ಬರೆಯುವುದಿಲ್ಲ. ಗಂಡ ಸತ್ತ ವಾಕ್ಯವನ್ನು ಹಿಡಿದು ಹಾಸ್ಯ ಮಾಡಿದ ಮೇಷ್ಟ್ರಿಗೆ ಆ ಮುಖದ ಮೇಲೆ ಇನ್ನು ಯಾವ ಹಕ್ಕೂ ಇಲ್ಲ.

"ಇದು ಕನ್ನಡವೇ ಅಲ್ಲಮ್ಮ" ಎಂದೆ. "ಇರಲಿ ಬಿಡು, ನಾನು ತಿದ್ದಿಕೊಡ್ತೀನಿ."

ಉಳಿದ ಎರಡು ದಿನ ಆಕೆ ಬರಲಿಲ್ಲ. ಕಮ್ಮಟದ ಪುಸ್ತಕ ಬಂತು, ಅದರಲ್ಲಿ ಆಕೆಯದಿರಲಿಲ್ಲ. ಅದರಲ್ಲಿದ್ದವರು ಯಾರು, ಏನು ಬರೆದಿದ್ದರು ಎಂದು ಇವತ್ತು ಆಣೆ ಮಾಡಿಸಿ ಕೇಳಿದರೂ ನನಗೆ ನೆನಪಿಲ್ಲ.

ಉಳಿದ ರಜೆಯಲ್ಲಿ ಜಗಲಿಯ ಮೇಲೆ ಕೂತು ಆಕೆಯ ನೋಟ್‌ಬುಕ್ಕನ್ನು ಕೆಂಪು ಶಾಯಿಯಲ್ಲಿ ತಿದ್ದತೊಡಗಿದೆ. ಓದೋರು ಎಂಬುದನ್ನು ಹೊಡೆದು 'ಹೋದವರು' ಮಾಡಿದೆ. ವಾಕ್ಯ ಪತ್ರಿಕೆಯ ಸುದ್ದಿಯಂತೆ ಸಪ್ಪಗಾಯಿತು. ಸಂಗು ಎಂಬುದನ್ನು ಅದರ ಮೂಲಾರ್ಥ ಹಿಡಿದು 'ಶಂಖ' ಮಾಡಿದೆ. ಗಣಿಯಲ್ಲಿ ಬಂಡೆ ಸಿಡಿದರೆ ದೇವಸ್ಥಾನದಲ್ಲಿ ಪೂಜೆ ಶುರುವಾದಂತಾಯಿತು. ಹತ್ತನೆಯ ಪುಟಕ್ಕೆ ಬರುವ ಹೊತ್ತಿಗೆ ಪೆನ್ನು ಕೆಳಗಿಟ್ಟಿದ್ದೆ. ನಾನು ವರ್ಷಗಟ್ಟಲೆ ಒಂದು ಗಣಿಯ ಕಾದಂಬರಿ ಬರೆಯಲು ಒದ್ದಾಡುತ್ತಿದ್ದೆ. ಒಂದು ದಿನವೂ ಕೆಳಗಿಳಿದವನಲ್ಲ. ನನ್ನ ಗಣಿ ಕೆಲಸಗಾರರು ವ್ಯಾಕರಣ ತಪ್ಪದೆ ಸಾಯುತ್ತಿದ್ದರು. ಇಲ್ಲಿ ನೋಡಿದರೆ ಏಳನೆಯ ಕ್ಲಾಸಿನವರೆಗೆ ಓದಿದ ಹೆಂಗಸಿನ ಬರಹದಲ್ಲಿ ನೆಲ ಅದುರಿ ಪಾತ್ರೆ ಉರುಳಿ ಬಿದ್ದದ್ದು, ಮುದ್ದೆ ಒಲೆಯ ಮೇಲೇ ಸೀದದ್ದು, ಗೇಟಿನ ಹತ್ತಿರ ಹೆಂಗಸರೆಲ್ಲ ಒಬ್ಬರ ಸೆರಗು ಒಬ್ಬರು ಹಿಡಿದು ನಿಂತದ್ದು — ಎಲ್ಲ ಇತ್ತು. ನನಗೆ ಬಂದದ್ದು ಹೊಟ್ಟೆಕಿಚ್ಚು. ಸಂತೋಷ ಅಲ್ಲ, ಗೌರವ ಅಲ್ಲ, ಅಪ್ಪಟ ಹೊಟ್ಟೆಕಿಚ್ಚು.

ಶಾಲೆ ಶುರುವಾದ ಮೇಲೆ ಆಕೆ ಮೂರು ಸಲ ಕೇಳಿದಳು. ಬೇರೆ ಯಾರೂ ಇಲ್ಲದಾಗ, ಮೆಲ್ಲಗೆ, ತಾನೇ ತಪ್ಪು ಮಾಡಿದವಳ ಹಾಗೆ. ಮೂರನೆಯ ಸಲ ಹೇಳಿದೆ, "ರೈಲಿನಲ್ಲಿ ಬಿಟ್ಟುಬಿಟ್ಟೆ ಅನ್ನಿಸುತ್ತೆ ಕಣಮ್ಮ, ಕಳೆದುಹೋಯಿತು."

ಮುಂದಿನ ಭಾನುವಾರ ಆಕೆ ಮಾರಿಕುಪ್ಪಂನಿಂದ ಹಿಡಿದು ಬಂಗಾರಪೇಟೆಯವರೆಗೆ ಒಂದೊಂದು ಸ್ಟೇಷನ್ನಿನಲ್ಲೂ ಇಳಿದು, ಒಂದು ನೋಟ್‌ಬುಕ್ಕು ಸಿಕ್ಕಿತಾ ಎಂದು ಕೇಳಿಕೊಂಡು ಬಂದಿದ್ದಳು. ಸೋಮವಾರ ನನಗೇ ಸಮಾಧಾನ ಹೇಳಿದಳು. "ಎಲ್ಲೂ ಸಿಗ್ಲಿಲ್ಲ ಸಾರ್. ಓಗ್ಲಿ ಬುಡಿ, ನೀವೇನೂ ಬೇಜಾರ್ ಮಾಡ್ಕೋಬ್ಯಾಡಿ." ಆಗಲಾದರೂ ನಾನು ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ. ಸಂಜೆ ಮನೆಗೆ ಹೋಗಿ ಹನ್ನೆರಡನೆಯ ಪುಟ ನಕಲು ಮಾಡಿದೆ.

ಕಾದಂಬರಿ ಎಂಬತ್ತರ ದಶಕದಲ್ಲಿ ಬಂತು. ಓದೋರು ಎಂಬುದನ್ನು ಓದೋರು ಎಂದೇ ಉಳಿಸಿಕೊಂಡಿದ್ದೆ, ಅಷ್ಟು ಬುದ್ಧಿ ನನಗಿತ್ತು. ವಿಮರ್ಶಕರು ಕುಣಿದರು! ಮಣ್ಣಿನ ಸೊಗಡಂತೆ. ಜನಭಾಷೆಯ ಕಸುವಂತೆ. ಒಬ್ಬರು ಆ ಮೊದಲ ವಾಕ್ಯದ ಮೇಲೇ ಎಂಟು ಪುಟ ಬರೆದರು — ಭೂಮಿಯೊಳಕ್ಕೆ ಹೋಗುವವನು ಭೂಮಿಯನ್ನು ಓದುವವನೂ ಹೌದು, ಹೋಗುವುದೂ ಓದುವುದೂ ಒಂದಾಗುವ ಅಪೂರ್ವ ಶ್ಲೇಷೆ ಎಂದು. ಕಮ್ಮಟದಲ್ಲಿ ಮೇಜು ಕುಟ್ಟಿ ನಕ್ಕಿದ್ದರಲ್ಲ, ಅವರೇ! ಆಯಾ ಬರೆದರೆ ತಪ್ಪು, ಮೇಷ್ಟ್ರು ಬರೆದರೆ ಶ್ಲೇಷೆ. ಈ ನಾಡಿನಲ್ಲಿ ಒಂದು ಅಕ್ಷರ ಸರಿಯೋ ತಪ್ಪೋ ಎಂದು ತೀರ್ಮಾನವಾಗುವುದು ಅದನ್ನು ಬರೆದವರ ಹೆಗಲ ಮೇಲೆ ಪೊರಕೆ ಇದೆಯೋ ಶಾಲು ಇದೆಯೋ ನೋಡಿ. ನನಗೆ ಅವರ ಮೇಲೆ ಕೋಪ ಬರುತ್ತದೆ. ಆದರೆ ಆ ಎಂಟು ಪುಟವನ್ನು ಕತ್ತರಿಸಿ ಫೈಲು ಮಾಡಿಟ್ಟವನು ನಾನು. ಹಾಗಾಗಿ ಕೋಪ ಸುತ್ತಿಕೊಂಡು ನನ್ನ ಬಾಗಿಲಿಗೇ ಬಂದು ನಿಲ್ಲುತ್ತದೆ.

ತೊಂಬತ್ತರ ದಶಕದ ಶುರುವಿನಲ್ಲಿ ಬಂಗಾರಪೇಟೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷ ನಾನು. ಹೂವು ಸುತ್ತಿದ ಟ್ರ್ಯಾಕ್ಟರಿನಲ್ಲಿ ಕೂರಿಸಿ, ಡೊಳ್ಳು ಬಡಿದು, ಸ್ಟೇಷನ್ ರಸ್ತೆಯುದ್ದಕ್ಕೂ ಮೆರೆಸಿದರು. ಸಂವಾದದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಎದ್ದು, "ಆ ಮೊದಲ ವಾಕ್ಯ ನಿಮಗೆ ಹೇಗೆ ಹೊಳೆಯಿತು ಸರ್?" ಎಂದಳು. ಪಾಪ, ಅವಳಿಗೆ ಏನೂ ಗೊತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಬೆವರಿದೆ. "ನಮ್ಮ ಅಜ್ಜಿಯ ಬಾಯಿಂದ ಬಂದದ್ದು" ಎಂದೆ. ಚಪ್ಪಾಳೆ. ನಮ್ಮ ಅಜ್ಜಿ ಗಣಿಯ ಗೇಟನ್ನೂ ನೋಡಿದವಳಲ್ಲ.

ಊಟಕ್ಕೆ ಎದ್ದಾಗ ಚಪ್ಪರದ ಕಂಬದ ಪಕ್ಕ ರತ್ನಮ್ಮ ನಿಂತಿದ್ದಳು. ತಲೆಯೆಲ್ಲ ಬೆಳ್ಳಗಾಗಿತ್ತು. ಕೈಯಲ್ಲಿ ನನ್ನ ಕಾದಂಬರಿ. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡೆ. ಬಂದಿದ್ದರೆ ಎಷ್ಟು ಚೆನ್ನಾಗಿತ್ತು!

"ಪೂರ್ತಿ ಓದ್ದೆ ಸಾರ್" ಎಂದಳು. "ಎಲ್ಲಾ ಐತೆ. ಮುದ್ದೆ ಸೀದೋಗಿದ್ದೂ ಐತೆ. ನಮ್ಮವ್ರ ಎಸ್ರು ಒಂದ್ ಇಲ್ಲ."

ನನ್ನ ನಾಯಕನ ಹೆಸರು ರಾಘವ. ಕದಿರಪ್ಪ ಎಂಬ ಹೆಸರು ಕಾದಂಬರಿಯ ನಾಯಕನಿಗೆ ಒಪ್ಪುವುದಿಲ್ಲ ಅನ್ನಿಸಿತ್ತು ನನಗೆ. ಅದನ್ನು ಆಕೆಗೆ ಹೇಗೆ ಹೇಳಲಿ? ಪಕ್ಕದಲ್ಲಿ ಸಮ್ಮೇಳನದ ಕಾರ್ಯದರ್ಶಿ ನನಗಾಗಿ ಎಲೆ ಹಾಕಿಸಿಕೊಂಡು ಕಾಯುತ್ತಿದ್ದ.

"ಅದು ಕಾದಂಬರಿ ಕಣಮ್ಮ" ಎಂದೆ. "ಕಲ್ಪನೆ."

"ಅಂಗಂದ್ರೆ?"

"ಮನಸ್ಸಿನಲ್ಲೇ ಕಟ್ಟಿದ್ದು. ನಿಜವಾಗಿ ನಡೆದದ್ದಲ್ಲ."

ಆಕೆ ಕಾದಂಬರಿಯನ್ನು ಕೈಯಲ್ಲೇ ಒಮ್ಮೆ ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ. "ಅಂಗಾದ್ರೆ ಅವ್ರು ಸತ್ತಿದ್ದೂ ಕಲ್ಪನೇನಾ ಸಾರ್?"

ನಾನು ಊಟಕ್ಕೆ ಹೋದೆ. ಹೋಳಿಗೆ ಬಡಿಸಿದ್ದರು, ತಿಂದೆ.

ಅದಾಗಿ ಎಷ್ಟೋ ವರ್ಷವಾಯಿತು. ನನಗೆ ನಿವೃತ್ತಿಯಾಯಿತು, ಆಕೆಗೂ. ಮೊನ್ನೆ ಪ್ರಕಾಶಕರಿಗೆ ಫೋನು ಮಾಡಿ ಎಲ್ಲ ಹೇಳಿದೆ, ಮುಖಪುಟದಲ್ಲಿ ರತ್ನಮ್ಮನ ಹೆಸರು ಹಾಕಿ, ಒಳಗೆ ರಾಘವನನ್ನು ತೆಗೆದು ಕದಿರಪ್ಪ ಎಂದು ಮಾಡಿ ಎಂದೆ. ಆ ಕಡೆಯಿಂದ ನಗು. "ಯಾಕೆ ಸಾರ್ ಈ ವಯಸ್ಸಲ್ಲಿ ಮೈಮೇಲೆ ಎಳ್ಕೋತೀರ? ಕೊನೇ ಪುಟದಲ್ಲಿ 'ಮಾಹಿತಿ ನೀಡಿದ ರತ್ನಮ್ಮನವರಿಗೆ ಕೃತಜ್ಞತೆ' ಅಂತ ಹಾಕೋಣ, ಸಾಕು." ಮಾಹಿತಿ! ಗಂಡನನ್ನು ಕಳಕೊಂಡವಳು ನನಗೆ ಮಾಹಿತಿ ನೀಡಿದಳಂತೆ! ಹಾಗಾದರೆ ಪುಸ್ತಕವೇ ಬೇಡ ಎಂದು ಫೋನಿಟ್ಟೆ. ಈ ಬರಹವನ್ನು ಅವರು ಹಾಕದಿದ್ದರೆ ಬೇರೆಯವರು ಹಾಕುತ್ತಾರೆ. ಯಾರೂ ಹಾಕದಿದ್ದರೆ ನಾನೇ ಅಚ್ಚು ಮಾಡಿಸಿ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಿಂತು ಹಂಚುತ್ತೇನೆ.

ಒಂದು ಉಳಿದಿದೆ, ಅದನ್ನು ಹೇಳದಿದ್ದರೆ ಇಷ್ಟು ಹೇಳಿದ್ದೂ ದಂಡ. ನೋಟ್‌ಬುಕ್ಕನ್ನು ನಾನು ಯಾಕೆ ಹಿಂದಿರುಗಿಸಲಿಲ್ಲ? ನಕಲು ಮಾಡಿಕೊಂಡ ಮೇಲೆ ಸಿಕ್ಕಿತು ಎಂದು ಕೊಡಬಹುದಾಗಿತ್ತಲ್ಲ? ಕೊಡುವ ಹಾಗಿರಲಿಲ್ಲ. ಕಾದಂಬರಿಗೆ ಹೆಸರು ಬದಲಾಯಿಸುವಾಗ, ಬೇರೆ ಹಾಳೆಯ ಮೇಲೆ ಬರೆದುಕೊಳ್ಳುವಷ್ಟೂ ತಾಳ್ಮೆಯಿಲ್ಲದೆ, ಆಕೆಯ ಪುಟಗಳ ಮೇಲೇ ತಿದ್ದಿದ್ದೆ. ಕದಿರಪ್ಪ ಎಂದಿರುವ ಕಡೆಯೆಲ್ಲ ಕೆಂಪು ಗೀಟು, ಮೇಲೆ ನನ್ನ ದುಂಡು ಅಕ್ಷರದಲ್ಲಿ ರಾಘವ. ಆಕೆ ಆ ಹೆಸರನ್ನು ಪ್ರತಿ ಸಲವೂ ಉಳಿದ ಅಕ್ಷರಗಳಿಗಿಂತ ದೊಡ್ಡದಾಗಿ ಬರೆದಿದ್ದಳು. ಒಂದು ಕಡೆಯನ್ನೂ ನಾನು ಬಿಟ್ಟಿಲ್ಲ.

ಭಾನುವಾರ ಚಾಂಪಿಯನ್ ರೀಫ್ಸ್‌ಗೆ ಹೋಗುತ್ತೇನೆ. ಆಕೆ ಈಗಲೂ ಅದೇ ಲೈನಿನಲ್ಲಿ ಮಗಳ ಜೊತೆ ಇದ್ದಾಳಂತೆ. ಗೀಟಿಲ್ಲದಂತೆ ಹೊಸ ನೋಟ್‌ಬುಕ್ಕಿಗೆ ನಕಲು ಮಾಡಿ ಕೊಡೋಣ ಎಂದು ಒಂದು ವಾರ ಯೋಚಿಸಿದೆ — ನೋಡಿ, ನನ್ನ ಬುದ್ಧಿ ಇನ್ನೂ ತಿದ್ದುತ್ತಲೇ ಇದೆ. ಇಲ್ಲ. ಇದ್ದ ಹಾಗೇ ಕೊಡುತ್ತೇನೆ. ರತ್ನಮ್ಮ ಮೊದಲ ಪುಟ ತೆಗೆದು, ಗಂಡನ ಹೆಸರು ಹುಡುಕಿ, ಆ ಗೀಟಿನ ಮೇಲೆ ಬೆರಳಿಟ್ಟು ತಲೆಯೆತ್ತಿ ನನ್ನ ಮುಖ ನೋಡುವ ತನಕ ನಾನು ಅಲ್ಲಿಂದ ಏಳುವುದಿಲ್ಲ.