ಮೂವತ್ತೇಳನೆಯ ಮನೆ

ಪತ್ರಿಕೋದ್ಯಮ ಓದುವ ಹುಡುಗಿಗೆ ಯಾವ ಭಯ ಇದ್ದರೂ ನಡೆದೀತು, ಗುರುತಿಲ್ಲದವರ ಬಾಗಿಲು ತಟ್ಟುವ ಭಯವೊಂದು ಇರಬಾರದು. ನಮ್ಮ ಹುಡುಗಿಗೆ ಇದ್ದದ್ದು ಅದೇ. ಹಲ್ಲಿ, ಕತ್ತಲೆ, ಗಣಿತ ಯಾವುದಕ್ಕೂ ಜಗ್ಗದವಳು ಮುಚ್ಚಿದ ಬಾಗಿಲ ಮುಂದೆ ನಿಂತರೆ ಬೆವೆತು ನೀರಾಗುತ್ತಿದ್ದಳು. ಒಳಗಿನಿಂದ "ಯಾರು?" ಎಂಬ ದನಿ ಬಂದರಂತೂ ಮುಗಿಯಿತು, ತಾನು ಯಾರೆಂಬುದೇ ಅವಳಿಗೆ ಮರೆತುಹೋಗುತ್ತಿತ್ತು. ಅವಳ ಮಾತು ಕೇಳಬೇಕಾದರೆ ಪಕ್ಕದಲ್ಲಿ ಕೂತವರೂ ಕಿವಿ ಅವಳತ್ತ ಬಾಗಿಸಬೇಕು. ಹಾಗಾಗಿ ತರಗತಿಯವರು ಪಿಸು ಎಂದು ಹೆಸರಿಟ್ಟಿದ್ದರು. ಹಾಜರಿ ಕರೆಯುವಾಗ ಅವಳ ದನಿ ಕೇಳದೆ, ಎದುರಿಗೇ ಕೂತಿದ್ದರೂ ಎಷ್ಟೋ ದಿನ ಗೈರುಹಾಜರಿ ಬಿದ್ದದ್ದುಂಟು.

ತಮಾಷೆಯೆಂದರೆ ಅವಳ ಅಮ್ಮನ ಕೆಲಸವೇ ಬಾಗಿಲು ತಟ್ಟುವುದು. ಅಮ್ಮ ಕರೆಂಟ್ ಮೀಟರ್ ಓದುವವಳು. ದಿನಕ್ಕೆ ನೂರಿಪ್ಪತ್ತು ಮನೆ, ನೂರಿಪ್ಪತ್ತು ಬಾಗಿಲು. ಪಿಸು ಎಂಟು ವರ್ಷದವಳಿದ್ದಾಗ ಒಂದು ರಜೆಯ ದಿನ ಅಮ್ಮನ ಸೆರಗು ಹಿಡಿದು ಹೋಗಿದ್ದಳು. ಒಂದು ಮನೆಯಲ್ಲಿ ಯಾರೋ ಬಾಗಿಲು ತೆರೆದರು, ಅಮ್ಮನ ಮುಖ ನೋಡಿದರು, ಒಂದು ಮಾತೂ ಆಡದೆ ದಢಾರನೆ ಹಾಕಿಕೊಂಡರು. ಅಮ್ಮನ ಎರಡು ಬೆರಳು ಸಂದಿಯಲ್ಲಿ ಸಿಕ್ಕಿಕೊಂಡವು. ಅಮ್ಮ ಬೆರಳಿಗೆ ಕರವಸ್ತ್ರ ಸುತ್ತಿಕೊಂಡು ಪಕ್ಕದ ಬಾಗಿಲು ತಟ್ಟಿದಳು. ಆ ಬೆರಳಿನ ಉಗುರು ಬಿದ್ದು ಹೊಸದು ಬಂದದ್ದನ್ನು ಅಮ್ಮ ಎಂದೋ ಮರೆತಳು, ಮಗಳು ಮರೆಯಲಿಲ್ಲ.

ಕೊನೆಯ ವರ್ಷಕ್ಕೆ ಪ್ರಾಜೆಕ್ಟ್ ಬಂತು. ಊರಿನ ಒಂದು ಬಡಾವಣೆಗೆ ಸ್ಥಳೀಯ ವಾರಪತ್ರಿಕೆಯೊಂದನ್ನು ಯೋಜಿಸಬೇಕು. ಯಾರು ಓದುತ್ತಾರೆ, ಏನು ಓದುತ್ತಾರೆ, ಎಷ್ಟು ಪುಟ, ಯಾವ ಅಂಕಣ, ಎಲ್ಲ ಲೆಕ್ಕಾಚಾರ ಬೇಕು. ಪಿಸು ಹಿಗ್ಗಿದಳು. ದೊಡ್ಡ ಹಾಳೆಯ ಮೇಲೆ ನೀಲಿ ಪೆನ್ಸಿಲಿನಿಂದ ಗೆರೆ ಎಳೆದು, ನೀರು ಬಿಡುವ ವೇಳೆ ಇಲ್ಲಿ, ಕಳೆದುಹೋದ ವಸ್ತುಗಳು ಅಲ್ಲಿ, ಬಾಡಿಗೆ ಮನೆ ಕೆಳಗೆ ಎಂದು ನಾಲ್ಕು ಪುಟವನ್ನೂ ಚೊಕ್ಕವಾಗಿ ತುಂಬಿದಳು. ಅಷ್ಟರಲ್ಲಿ ಮೇಡಂ ಇನ್ನೊಂದು ಷರತ್ತು ಹಾಕಿದರು.

"ಒಂದು ಪೂರ್ತಿ ಬೀದಿ ತಗೋ. ಒಂದನೇ ನಂಬರಿನಿಂದ ನಲವತ್ತರ ತನಕ ಒಂದು ಮನೆನೂ ಬಿಡಬಾರದು. ಪ್ರತಿ ಮನೇಲೂ ಪ್ರಶ್ನಾವಳಿ ತುಂಬಿಸ್ಕೊಂಡು ಬಾ."

ಪಿಸು ಮನಸ್ಸಿನಲ್ಲೇ ನಲವತ್ತು ಬಾಗಿಲು ಎಣಿಸಿದಳು. ಆದರೂ ಹೋದಳು, ಹೋಗಲಿಲ್ಲ ಎನ್ನಬಾರದು. ಒಂದನೇ ಮನೆಯ ಗಂಟೆ ಒತ್ತಿದಳು. ಚಪ್ಪಲಿಯ ಸದ್ದು ಒಳಗಿನಿಂದ ಹತ್ತಿರ ಬಂತು. ಬಾಗಿಲು ತೆರೆದ ಹೆಂಗಸು "ಏನು ಬೇಕಿತ್ತು?" ಎಂದಳು.

"ಟೈಲರ್ ಅಂಗಡಿ ಎಲ್ಲಿದೆ?" ಎಂದಳು ಪಿಸು.

ಟೈಲರ್ ಅಂಗಡಿ ಪಕ್ಕದಲ್ಲೇ ಇತ್ತು, ಆಳೆತ್ತರದ ಬೋರ್ಡಿನ ಸಮೇತ. ಹೆಂಗಸು ಬೋರ್ಡನ್ನೂ ನೋಡಿದಳು, ಇವಳನ್ನೂ ನೋಡಿದಳು. ಪಿಸು ಬಂದ ದಾರಿಯಲ್ಲೇ ಓಡಿದಳು. ಆ ಬೀದಿಯ ಆ ತುದಿ ಹೇಗಿದೆ ಎಂದು ಅವಳು ಕಣ್ಣಲ್ಲೂ ನೋಡಲಿಲ್ಲ.

ಮುಂದಿನದನ್ನು ಹೇಳಲು ನನಗೇ ನಾಚಿಕೆಯಾಗುತ್ತದೆ. ಅಮ್ಮ ಕೆಲಸಕ್ಕೆ ಹೋದ ಮೇಲೆ ಅವಳು ಊಟದ ಮೇಜಿನ ಮೇಲೆ ನಲವತ್ತು ಪ್ರಶ್ನಾವಳಿ ಹರಡಿಕೊಂಡು ತಾನೇ ತುಂಬಿದಳು. ಮೂರು ಬಣ್ಣದ ಪೆನ್ನು. ಕೆಲವು ಎಡಗೈಯಲ್ಲಿ. ಎರಡರ ಮೇಲೆ ನಿಜವೆನಿಸಲೆಂದು ಟೀ ಲೋಟದ ತಳ ಒತ್ತಿದಳು. ಹತ್ತಾದ ಮೇಲೆ, ದೇವರಾಣೆ, ಅವಳಿಗೆ ಖುಷಿಯಾಗತೊಡಗಿತು. ಬಾಗಿಲೇ ಇಲ್ಲದ ಮನೆಗಳ ಒಳಗೆ ಆರಾಮಾಗಿ ಓಡಾಡಿದಳು. ಒಬ್ಬ ಕ್ರೀಡಾಪುಟದ ಹುಚ್ಚ, ಒಬ್ಬ ಸಿಡುಕು ಲಾಯರು, ಏನನ್ನೂ ಓದದ ಅಣ್ಣತಮ್ಮಂದಿರು. ಮೂವತ್ತೇಳನೆಯ ಮನೆಗೆ ಎಪ್ಪತ್ತೊಂದು ವರ್ಷದ ಒಬ್ಬ ಅಜ್ಜಿಯನ್ನು ತಂದು ಕೂರಿಸಿದಳು. 'ಸ್ಥಳೀಯ ಪತ್ರಿಕೆಯಲ್ಲಿ ನೀವು ಏನನ್ನು ನೋಡಬಯಸುತ್ತೀರಿ?' ಎಂಬ ಕೊನೆಯ ಪ್ರಶ್ನೆಗೆ ಆ ಅಜ್ಜಿ ಹೀಗೆ ಬರೆದಳು:

'ನನ್ನ ಹೆಸರು ಒಂದು ಸಲ ಅಚ್ಚಾಗಿದೆ, ಮದುವೆ ಕಾರ್ಡಿನಲ್ಲಿ. ಇನ್ನೊಂದು ಸಲ ಅಚ್ಚಾಗುವಾಗ ಓದಲು ನಾನಿರುವುದಿಲ್ಲ. ನಡುವೆ ಒಂದು ಸಲ ಹಾಕುತ್ತೀರಾ?'

ಇದನ್ನು ಬರೆದಾಗ ಪಿಸುವಿನ ಕಣ್ಣು ತೇವವಾದವು. ಸುಳ್ಳು ಬರೆಯುವವರಿಗೆ ಹೀಗಾಗುವುದು ಹೊಸದೇನಲ್ಲ.

ಮೇಡಂ ಮೆಚ್ಚಿ ಅಂಕ ಕೊಟ್ಟರು. ಒಬ್ಬ ಮುದ್ರಕರ ಅಭಿಪ್ರಾಯವನ್ನೂ ಸೇರಿಸು ಎಂದರು. ಪಿಸು ಬಸ್ ನಿಲ್ದಾಣದ ಹಿಂದಿನ ಹಳೆಯ ಪ್ರೆಸ್ಸಿಗೆ ಹೋದಳು. ಅಲ್ಲಿ ಅವಳಿಗೆ ಭಯವಾಗಲಿಲ್ಲ, ಏಕೆಂದರೆ ಅದಕ್ಕೆ ಬಾಗಿಲಿರಲಿಲ್ಲ, ಎತ್ತಿದ ಶಟರ್ ಮಾತ್ರ. ಒಳಗೆ ಅಚ್ಚಿನ ಯಂತ್ರ ಧಡಕ್ ಧಡಕ್ ಎಂದು ಬಡಿಯುತ್ತಿದ್ದರೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ, ಎಲ್ಲರೂ ಚೀಟಿಯಲ್ಲಿ ಬರೆದೇ ತೋರಿಸಬೇಕು. ಯಜಮಾನರಿಗೆ ಎಪ್ಪತ್ತರ ಹತ್ತಿರ. ನಲವತ್ತೈದು ವರ್ಷ ಆ ಸದ್ದಿನ ಪಕ್ಕ ನಿಂತು ಕಿವಿ ಮುಕ್ಕಾಲು ಹೋಗಿತ್ತು. ಒಂದೊಂದೇ ಅಕ್ಷರದ ಅಚ್ಚುಮೊಳೆ ಜೋಡಿಸಿ ಜನರ ಮದುವೆ ಕಾರ್ಡು, ಬಿಲ್ ಪುಸ್ತಕ, ಶ್ರದ್ಧಾಂಜಲಿ ಅಚ್ಚು ಹಾಕಿದವರು. ಈಗ ಕೆಲಸ ಕಡಿಮೆಯಾಗಿತ್ತು. ಯಂತ್ರವನ್ನು ಎತ್ತಿಕೊಂಡು ಹೋಗಲು ಗುಜರಿಯವನು ಶನಿವಾರ ಬರುವುದಿತ್ತು. ಅವರು ಪಿಸುವಿನ ಫೈಲನ್ನು ಇಟ್ಟುಕೊಂಡು, ಮಂಗಳವಾರ ಬಾ ಎಂದು ಚೀಟಿ ಬರೆದರು.

ಮಂಗಳವಾರ ಯಂತ್ರ ನಿಂತಿತ್ತು. ಯಜಮಾನರ ಕೈಯಲ್ಲಿ ಮೂವತ್ತೇಳನೆಯ ಹಾಳೆ ಇತ್ತು, ಮದುವೆ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ.

"ಮಗಳೇ, ನಿನ್ನ ಪೇಪರ್ ನಾನು ತರ್ತೀನಮ್ಮ," ಎಂದರು, ಕಿವುಡರ ಎತ್ತರದ ದನಿಯಲ್ಲಿ. "ನಿಜವಾಗ್ಲೂ ತರ್ತೀನಿ. ಈ ಅಜ್ಜಿ ಕೇಳಿದ್ದು ನನ್ನನ್ನೇ. ಊರವರ ಹೆಸರೆಲ್ಲ ನಾನು ಎರಡೆರಡು ಸಲ ಅಚ್ಚು ಹಾಕಿದ್ದೀನಿ, ನಡುವೆ ಒಂದು ಸಲ ಹಾಕ್ಬೇಕು ಅಂತ ಹೊಳೀಲೇ ಇಲ್ಲ. ನಾಳೆ ಆಯಮ್ಮನ್ನ ನೋಡ್ಕೊಂಡು ಬರೋಣ. ಬಂದವನೇ ಗುಜರಿಯವನಿಗೆ ಬೇಡ ಅಂತ ಹೇಳಿ, ಕಾಗದ ತರಿಸ್ತೀನಿ. ಅವನು ಎರಡನೇ ಸಲ ಬರಲ್ವಂತೆ, ಬರೋದು ಬೇಡ ಬಿಡು."

ಇದುವರೆಗಿನದು ಅಂಕಗಳ ಸುಳ್ಳು. ಈಗ ಒಬ್ಬ ಮುದುಕರು ತಮ್ಮ ಉಳಿದ ವರ್ಷಗಳನ್ನೆಲ್ಲ ಅದರ ಮೇಲೆ ಇಡಲು ಹೊರಟಿದ್ದರು. ಅವಳು ತಲೆಯಾಡಿಸಿ, ಉಳಿದ ಫೈಲು ಎತ್ತಿಕೊಂಡು ಮನೆಗೆ ಬಂದಳು.

ಸಂಜೆ ಅಮ್ಮ ಕಾಲು ಚಾಚಿ ಕೂತು ಫೈಲು ತಿರುವಿದಳು.

"ಇದು ನಾನು ಮೀಟರ್ ಓದೋ ಬೀದಿನೇ ಅಲ್ವೇನೇ! ನಾಲ್ಕನೇ ಮನೇಲಿ ಲಾಯರಾ? ಅಲ್ಲಿ ಹಿಟ್ಟಿನ ಗಿರಣಿಯವನಿದ್ದಾನಲ್ಲೇ. ಹದಿನಾರರಲ್ಲಿ ಅಣ್ಣತಮ್ಮಂದಿರು ಯಾರಿದ್ದಾರೆ?"

ಪಿಸು, "ಮೂವತ್ತೇಳರಲ್ಲಿ ಯಾರಮ್ಮ ಇರೋದು?" ಎಂದು ಕೇಳಿದಳು.

"ಮೂವತ್ತೇಳರಲ್ಲಿ ಮನೆನೇ ಇಲ್ಲ ಕಣೇ. ಅಲ್ಲಿರೋದು ಟ್ರಾನ್ಸ್‌ಫಾರ್ಮರ್."

ಅಮ್ಮ ಮಗಳ ಮುಖ ನೋಡಿದಳು. ಕೈಯಲ್ಲಿದ್ದ ಹಾಳೆಗಳನ್ನು ನೋಡಿದಳು. ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಬಯ್ಯುತ್ತಾಳೆ ಎಂದುಕೊಂಡರೆ ಬಯ್ಯಲೂ ಇಲ್ಲ, ಅದಕ್ಕೇ ಮಗಳಿಗೆ ಹೆಚ್ಚು ಭಯವಾಯಿತು.

"ನಮ್ಮಲ್ಲಿ ಒಬ್ಬ ಇದ್ದ," ಎಂದಳು ಕೊನೆಗೆ. "ಟೀ ಅಂಗಡೀಲಿ ಕೂತು ಅಂದಾಜಿನ ಮೇಲೆ ಮೀಟರ್ ಬರೀತಿದ್ದ. ಯಾರದೋ ಮನೆ ಕರೆಂಟು ಯಾರದೋ ತಲೆಗೆ. ಅವನ ಮುಖ ನೋಡೋಕೂ ನನಗೆ ಹೇಸಿಗೆ ಆಗ್ತಿತ್ತು."

"ಅಮ್ಮ, ಪ್ರೆಸ್ಸಿನ ಯಜಮಾನರು ಇದನ್ನೆಲ್ಲ ನಿಜ ಅಂದ್ಕೊಂಡಿದ್ದಾರೆ, ಅವರಿಗೆ ನೀನು ಹೇಳ್ತೀಯಾ? ನನ್ನ ಕೈಲಾಗಲ್ಲ."

"ಇಲ್ಲ," ಎಂದಳು ಅಮ್ಮ. "ಇದು ನಿನ್ನ ಮೀಟರು, ನೀನೇ ಓದ್ಕೋ."

ಮರುದಿನ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಉಗುರಿನ ಮಸಿ ತಿಕ್ಕಿ ತೆಗೆದು ಕಾಯುತ್ತಿದ್ದರು. ಯಾವುದೋ ಬಿಲ್ ಪುಸ್ತಕಕ್ಕೆ ಯಂತ್ರ ಬಡಿಯುತ್ತಿತ್ತು. ಪಿಸು ಚೀಟಿಯಲ್ಲಿ 'ಒಂದು ಮಾತು ಹೇಳಬೇಕು' ಎಂದು ಬರೆದಳು. ಎರಡನೆಯ ಸಾಲಿಗೆ ಪೆನ್ಸಿಲು ಮುಂದೆ ಹೋಗಲೇ ಇಲ್ಲ. ಅವರು ಓದಿ ನಕ್ಕು, "ದಾರೀಲಿ ಹೇಳು, ನಡಿ," ಎಂದು ಯಂತ್ರ ನಿಲ್ಲಿಸಿದರು.

ಬೀದಿ ಹತ್ತು ಗಂಟೆಯ ಬಿಸಿಲಿನಲ್ಲಿ ಖಾಲಿಯಿತ್ತು. ಒಂದು, ಎರಡು, ಮೂರು. ಪ್ರತಿ ಗೇಟಿನ ಮೇಲಿನ ನಂಬರು ಅವಳನ್ನು ಮುಂದಕ್ಕೆ ತಳ್ಳುತ್ತಿತ್ತು. ಹನ್ನೆರಡನೆಯ ಮನೆಯ ಹತ್ತಿರ ಅವಳು ಕಣ್ಣು ಮುಚ್ಚಿಕೊಂಡು, "ಸರ್, ಅದೆಲ್ಲ ಸುಳ್ಳು," ಎಂದುಬಿಟ್ಟಳು. ಯಜಮಾನರು, "ಹೌದಮ್ಮ, ಬಿಸಿಲು ಜಾಸ್ತಿ," ಎಂದರು. ಎರಡು ಹೆಜ್ಜೆಯ ಮಟ್ಟಿಗೆ ಅವಳಿಗೆ ಹಗುರವಾಗಿತ್ತು, ಅಷ್ಟೇ. ಇಪ್ಪತ್ತೆಂಟರಲ್ಲಿ ಅವರು ಕೇಳಿದರು, "ಆ ಅಜ್ಜಿಗೆ ಹೂವು ಗೀವು ತರ್ಬೇಕಿತ್ತೇನೋ, ಬರಿಗೈಲಿ ಬಂದ್ವಲ್ಲ?" ಅವಳಿಗೆ ಅಳು ಬಂತು, ಅದನ್ನೂ ಸದ್ದಿಲ್ಲದೆ ಅತ್ತಳು.

ಮೂವತ್ತೈದು. ಮೂವತ್ತಾರು. ಆಮೇಲೆ ತಂತಿ ಬೇಲಿ, ಎರಡು ಕಂಬ, ಅವುಗಳ ನಡುವೆ ಗುಂಯ್ ಎನ್ನುವ ಟ್ರಾನ್ಸ್‌ಫಾರ್ಮರ್. ಬೇಲಿಗೆ ತಲೆಬುರುಡೆಯ ಚಿತ್ರವಿರುವ 'ಅಪಾಯ' ಬೋರ್ಡು. ಅದರಾಚೆ ಮೂವತ್ತೆಂಟು.

ಯಜಮಾನರು ಕವರಿನೊಳಗಿನ ಹಾಳೆ ನೋಡಿದರು. ಬೇಲಿ ನೋಡಿದರು. ಕನ್ನಡಕ ಒರೆಸಿ ಮತ್ತೆ ಹಾಳೆ ನೋಡಿದರು.

"ಇಲ್ಲಿ ಮನೆನೇ ಇಲ್ವಲ್ಲಮ್ಮ?"

"ನಾನೇ ಬರೆದೆ," ಎಂದಳು ಪಿಸು.

"ಏನಂದೆ?"

"ನಾನೇ ಬರೆದೆ ಸರ್."

"ಈ ಗುಂಯ್ಗುಡೋದ್ರಲ್ಲಿ ಒಂದೂ ಕೇಳಲ್ಲ. ಜೋರಾಗಿ ಹೇಳು ಮಗಳೇ!"

ಹುಟ್ಟಿದ ಮೇಲೆ ಮೊದಲ ಬಾರಿಗೆ ಅವಳು ಕಿರುಚಿದಳು. "ಅಜ್ಜಿ ಇಲ್ಲ! ಯಾರೂ ಇಲ್ಲ! ನಲವತ್ತೂ ನಾನೇ ಬರೆದದ್ದು! ಒಂದು ಬಾಗಿಲೂ ತಟ್ಟಿಲ್ಲ, ನನಗೆ ಹೆದರಿಕೆ!"

ಮೂವತ್ತಾರರ ಬಾಗಿಲು ತೆರೆಯಿತು. ಮೂವತ್ತೆಂಟರದೂ ತೆರೆಯಿತು. ಮೂವತ್ತೈದರಿಂದ ಒಬ್ಬರು ಹಲ್ಲುಜ್ಜುತ್ತಲೇ ಹೊರಗೆ ಬಂದರು. ಯಾವ ಬಾಗಿಲುಗಳಿಗೆ ಹೆದರಿ ಅವಳು ಇಷ್ಟೆಲ್ಲ ಮಾಡಿದಳೋ ಅವೆಲ್ಲ ತಾವಾಗಿ ತೆರೆದುಕೊಂಡು ಅವಳನ್ನೇ ನೋಡುತ್ತಿದ್ದವು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡಳು, ಅದೊಂದು ಬಿಡಲಿಲ್ಲ.

ಯಜಮಾನರಿಗೆ ಈ ಸಲ ಕೇಳಿಸಿತ್ತು. ಅವರ ಮುಖ ಸಣ್ಣದಾಯಿತು.

"ಹಂಗಾದ್ರೆ ನನ್ನನ್ನ ಯಾರೂ ಕೇಳ್ಲಿಲ್ಲ," ಎಂದರು. ಸಿಟ್ಟಿನಿಂದ ಹೇಳಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಹಾಳೆಯನ್ನು ಅವಳ ಕೈಗಿಟ್ಟು ಅವರು ಹಿಂದಿರುಗಿ ನಡೆದರು.

ಮೂವತ್ತಾರರ ಹೆಂಗಸು ಸೊಂಟದ ಮೇಲೆ ಕೈಯಿಟ್ಟು, "ಯಾರಮ್ಮ ನೀನು? ಏನು ಗಲಾಟೆ?" ಎಂದಳು.

ಓಡಿಹೋಗಬೇಕೆಂದು ಕಾಲುಗಳು ತಿರುಗಿದ್ದವು. ಆದರೆ ಆ ದಾರಿಯಲ್ಲಿ ಯಜಮಾನರ ಬೆನ್ನಿತ್ತು, ಆ ಬೆನ್ನನ್ನು ದಾಟಿ ಓಡುವುದು ಬಾಗಿಲಿಗಿಂತ ಭಯಂಕರವಾಗಿ ಕಂಡಿತು. ಪಿಸು ಹಾಳೆಯ ಖಾಲಿ ಬದಿ ತಿರುಗಿಸಿದಳು. "ನಮ್ಮ ಬಡಾವಣೆಗೇ ಅಂತ ಒಂದು ಪೇಪರ್ ಬಂದ್ರೆ... ಓದ್ತೀರಾ?"

"ಇಲ್ಲಪ್ಪ, ಪುರುಸೊತ್ತೆಲ್ಲಿದೆ?"

ಪಿಸು 'ಇಲ್ಲ' ಎಂದು ಬರೆದುಕೊಂಡಳು. ಇಪ್ಪತ್ತು ಹೆಜ್ಜೆ ದೂರದಲ್ಲಿ ಯಜಮಾನರು ನಿಂತಿದ್ದರು.

"ಏನಂದ್ರು?" ಎಂದು ಕೂಗಿ ಕೇಳಿದರು.

"ಇಲ್ಲ ಅಂದ್ರು!"

"ಶನಿವಾರದ ತನಕ ಟೈಮಿದೆ," ಎಂದವರು, ಮತ್ತೆ ತಿರುಗಿ ನೋಡದೆ ಹೋದರು.

ಮೂರು ದಿನ ಅವಳು ಬಾಗಿಲು ತಟ್ಟಿದಳು. ಭಯ ಹೋಯಿತೆಂದು ಹೇಳಿದರೆ ನಾನೂ ಮೂವತ್ತೇಳನೆಯ ಅಜ್ಜಿಯನ್ನು ತಂದು ಕೂರಿಸಿದಂತಾಗುತ್ತದೆ. ಭಯ ಹೋಗಲಿಲ್ಲ. ಪ್ರತಿ ಸಲ ಗಂಟೆ ಒತ್ತುವಾಗಲೂ ಎರಡು ಬೆರಳು ಮಡಚಿಕೊಂಡು ಬಾಗಿಲಿನಿಂದ ಒಂದು ಮಾರು ದೂರ ನಿಲ್ಲುತ್ತಿದ್ದಳು. ಗಿರಣಿಯವನು ಹಿಟ್ಟಿನ ಕೈಯಲ್ಲೇ ಹಾಳೆ ತುಂಬಿಕೊಟ್ಟ. ಒಂದನೇ ಮನೆಯವಳು, "ಟೈಲರ್ ಸಿಕ್ಕಿದನಾ?" ಎಂದಳು. ಇಬ್ಬರು ಮುಖದ ಮೇಲೆ ಬಾಗಿಲು ಹಾಕಿ, ಮರುದಿನ ತೆರೆದರು. ಮೇಡಂಗೂ ನಿಜ ಹೇಳಿದಳು, ಅವರು ಕೊಟ್ಟಿದ್ದ ಅಂಕಗಳನ್ನು ಅವಳ ಎದುರಿಗೇ ಹೊಡೆದುಹಾಕಿದರು.

ಮೂವತ್ತೊಂಬತ್ತು ಮನೆ. ಓದುತ್ತೇವೆ ಎಂದವರು ಹನ್ನೊಂದು.

ಶುಕ್ರವಾರ ಮಧ್ಯಾಹ್ನ ಹಾಳೆಗಳನ್ನು ಯಜಮಾನರ ಮುಂದಿಟ್ಟಳು. ಅವರು ಒಂದೊಂದನ್ನೂ ಓದಿದರು. ಹನ್ನೊಂದು ಜನರಿಗೆ ಪೇಪರ್ ತರಲಾಗದು ಎಂಬುದು ಇಬ್ಬರಿಗೂ ಗೊತ್ತಿತ್ತು. ಅವರು ಎದ್ದು ಮೊಳೆಗಳ ಪೆಟ್ಟಿಗೆಯ ಮುಂದೆ ನಿಂತರು. "ನಾಳೆ ಬಾ," ಎಂದರು ಅಷ್ಟೇ.

ಶನಿವಾರ ಅವಳು ಹೋಗುವಷ್ಟರಲ್ಲಿ ಯಂತ್ರವನ್ನು ಹಗ್ಗ ಕಟ್ಟಿ ಲಾರಿಗೆ ಏರಿಸುತ್ತಿದ್ದರು. ಅದರ ಜಾಗದಲ್ಲಿ ನೆಲದ ಮೇಲೆ ನಾಲ್ಕು ಎಣ್ಣೆಯ ಕಲೆ. ಯಜಮಾನರು ಲಾರಿಯ ಕಡೆ ನೋಡದೆ ಒಂದು ಕಟ್ಟು ಅವಳ ಕೈಗಿಟ್ಟರು. ನಲವತ್ತು ಹಾಳೆ, ಮಸಿ ಇನ್ನೂ ಪೂರ್ತಿ ಆರಿರಲಿಲ್ಲ. ಮೇಲೆ ಬೀದಿಯ ಹೆಸರು. ಕೆಳಗೆ ಮನೆ ನಂಬರಿನ ಪ್ರಕಾರ ಒಂದೊಂದು ಹೆಸರು, ಬೇರೇನೂ ಇಲ್ಲ. ಓದುತ್ತೇನೆ ಎಂದವರದೂ ಇತ್ತು, ಪುರುಸೊತ್ತಿಲ್ಲ ಎಂದವಳದೂ ಇತ್ತು. ಮೂವತ್ತಾರು ಮತ್ತು ಮೂವತ್ತೆಂಟರ ನಡುವೆ ಖಾಲಿ ಇರಬೇಕಾದ ಸಾಲಿನಲ್ಲಿ ಪಿಸುವಿನ ನಿಜವಾದ ಹೆಸರಿತ್ತು.

"ಸರ್..." ಎಂದಳು.

"ಮನೆ ಮನೆಗೆ ಕೊಟ್ಟು ಬಾ," ಎಂದರು ಅವರು. "ಟಪಾಲು ಪೆಟ್ಟಿಗೇಲಿ ಹಾಕ್ಬೇಡ. ಕೈಗೆ ಕೊಡು."

ಒಂದನೇ ಮನೆಯ ಮುಂದೆ ನಿಂತಾಗ ಕಟ್ಟು ಹಿಡಿದ ಕೈ ಬೆವೆತಿತ್ತು, ಹೆಬ್ಬೆರಳಿಗೆ ಮಸಿ ಅಂಟಿತ್ತು. ಗಂಟೆ ಒತ್ತಿದಳು. ಚಪ್ಪಲಿಯ ಸದ್ದು ಒಳಗಿನಿಂದ ಹತ್ತಿರ ಬಂತು.

"ಯಾರು?"

ಬಾಗಿಲ ಆಚೆಗೆ ಕೇಳುವಷ್ಟು ಜೋರಾಗಿ ಅವಳು ತನ್ನ ಹೆಸರು ಹೇಳಿದಳು.