ಅಕ್ಷತಾ ಕೇಳಿದ ಶಿಫಾರಸು ಪತ್ರ

ಅಕ್ಷತಾ, ನಿನಗೆ ಹೊರದೇಶದ ಆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗದಂತೆ ಮಾಡಿದವನು ನಾನು. ಶಿಫಾರಸು ಬರೆಯುತ್ತೇನೆಂದು ಒಪ್ಪಿಕೊಂಡು, ಆ ಪತ್ರದಲ್ಲೇ ನಿನ್ನನ್ನು ತಡೆದೆ. ಒಂಬತ್ತು ವರ್ಷವಾಯಿತು. ಹೇಳಿಬಿಡಬೇಕು ಅಂದುಕೊಂಡದ್ದು ಎಷ್ಟು ಸಲವೋ — ಪ್ರತಿ ಸಲವೂ ಬೇರೆ ಏನೋ ಕೆಲಸ ನೆನಪಾಗುತ್ತಿತ್ತು.

ಇಂಗ್ಲಿಷಿನಲ್ಲಿ ಬರೆಯಲು ನೋಡಿದೆ, ಆಗಲಿಲ್ಲ. ಆ ಭಾಷೆಯಲ್ಲಿ ನುಣುಚಿಕೊಳ್ಳುವುದು ನನಗೆ ಚೆನ್ನಾಗಿ ಬರುತ್ತದೆ. ಸೂರತ್ತಿನಲ್ಲೇ ಬೆಳೆದ ನಿನಗೆ ಕನ್ನಡ ಓದುವುದು ನಿಧಾನ. ಅಪ್ಪನಿಂದ ಓದಿಸಿಕೋ. ಅವರಿಗೂ ತಿಳಿಯಬೇಕಾದದ್ದೇ ಇದು. ವಿಮಾ ಕಚೇರಿಯ ಕೆಲಸದ ಮೇಲೆ ಗದಗದಿಂದ ಸೂರತ್ತಿನ ಕತಾರ್‌ಗಾಮ್‌ಗೆ ಬಂದು ಅಲ್ಲೇ ಉಳಿದವರು. ನೀನು ವಡೋದರಾದಲ್ಲಿ ನನ್ನ ಬಳಿ ಎಂ.ಟೆಕ್‌ಗೆ ಸೇರಿದ ದಿನ ನನ್ನ ಕೈ ಹಿಡಿದು, “ನಮ್ಮವರು ಅದೀರಿ ಅಂತ ಧೈರ್ಯ ಬಂತ್ರಿ ಸರ್. ಇನ್ನ ಇಕಿ ಚಿಂತಿ ನನಗಿಲ್ಲ” ಎಂದಿದ್ದರು.

ಆಗ ನಾನು ನಿಯಂತ್ರಣ ಸಿದ್ಧಾಂತದ ಒಂದು ಪ್ರಮೇಯದ ಹಿಂದೆ ಬಿದ್ದಿದ್ದೆ — ಯಂತ್ರ ತನ್ನ ತಪ್ಪನ್ನು ತಾನೇ ಅಳೆದು, ತಿದ್ದಿಕೊಳ್ಳುತ್ತ, ಹದ ತಪ್ಪದೆ ನಡೆಯುತ್ತದೆಂದು ತೋರಿಸುವ ಗಣಿತ. ಆರು ವರ್ಷದ ಕೆಲಸ. ಒಂದು ಮಧ್ಯಾಹ್ನ ನೀನು ಬೋರ್ಡಿನ ಮುಂದೆ ನಿಂತು ಕೇಳಿದೆ: “ಸರ್, ಅಳತಿ ತಡಾ ಆಗಿ ಬಂದ್ರ ಈ ಸ್ಟೆಪ್ ನಿಲ್ಲೂದಿಲ್ಲಲ್ಲಾ?”

ನಿಲ್ಲುತ್ತಿರಲಿಲ್ಲ. ಅದನ್ನು ಸರಿಪಡಿಸುವ ದಾರಿಯನ್ನೂ ಮೂರೇ ವಾರದಲ್ಲಿ ನೀನೇ ಹುಡುಕಿದೆ. ನನಗೆ ಖುಷಿಯಾಯಿತು — ಇಲ್ಲ, ಸುಳ್ಳು. ಭಯವಾಯಿತು.

ಅದೇ ತಿಂಗಳು ನೀನು ಪಿಎಚ್.ಡಿ.ಗೆ ಅರ್ಜಿ ಹಾಕಿ ನನ್ನ ಪತ್ರ ಕೇಳಿದೆ. ನೀನು ಹೊರಟುಹೋದರೆ ಪ್ರಮೇಯದ ಉಳಿದರ್ಧ ನನ್ನಿಂದ ಆಗದೆಂದು ನನಗೆ ಗೊತ್ತಿತ್ತು. ಹೊಗಳಿಯೇ ಬರೆದೆ. ಶ್ರಮಜೀವಿ, ವಿನಯವಂತೆ... ಕೊನೆಗೆ ಒಂದು ಸಾಲು: “ಹೇಳಿಕೊಟ್ಟದ್ದನ್ನು ಅಚ್ಚುಕಟ್ಟಾಗಿ ಮಾಡುತ್ತಾಳೆ, ಸ್ವಂತವಾಗಿ ಯೋಚಿಸುವುದು ಇನ್ನೂ ಬರಬೇಕು.” ಸಂಶೋಧನೆಗೆ ಹೊರಟವರ ದಾರಿ ಮುಚ್ಚಲು ಅಷ್ಟು ಸಾಕು.

ಸೀಟಿಲ್ಲ ಎಂಬ ಉತ್ತರ ಬಂದಾಗ ನೀನು ನನ್ನ ಕೋಣೆಯಲ್ಲಿ ಕೂತು ಅತ್ತೆ. ನಾನು ಚಹಾ ತರಿಸಿದೆ. “ಇಲ್ಲೇ ಮಾಡು, ನಾನಿದ್ದೀನಲ್ಲ” ಎಂದೆ. ನೀನು ಥ್ಯಾಂಕ್ಸ್ ಹೇಳಿದೆ — ಆ ಮಾತು... ಇರಲಿ. ಆ ಪ್ರಮೇಯದ ಪ್ರಬಂಧ ನನ್ನ ಹೆಸರು ಮುಂದಾಗಿ ಅಚ್ಚಾಯಿತು. ಅದರ ಬಲದ ಮೇಲೆ ನಾನು ಪ್ರೊಫೆಸರಾಗಿ ಅಹಮದಾಬಾದಿಗೆ ಬಂದೆ, ಊರಂಚಿನ ಬೋಪಾಲ್ ಬಡಾವಣೆಯಲ್ಲಿ ಫ್ಲ್ಯಾಟ್ ಕೊಂಡೆ. ನಿನ್ನ ಪಿಎಚ್.ಡಿ. ನನ್ನ ಕೈಕೆಳಗೇ ಮುಗಿಯಿತು. ಈಗ ಸೂರತ್ತಿನ ಒಂದು ಕಾಲೇಜಿನಲ್ಲಿ ದಿನವಿಡೀ ಪಾಠ ಮಾಡುತ್ತೀಯ. ಸಂಶೋಧನೆಗೆ ಪುರುಸೊತ್ತೇ ಇಲ್ಲ ಎಂದು ಹೋದ ವರ್ಷ ನೀನು ನಗುತ್ತಲೇ ಹೇಳಿದ್ದೆ.

ಸೋಮವಾರ ನಿನ್ನ ಮೆಸೇಜು ಬಂತು. “ಸರ್, ನನ್ನ ಸ್ಟೂಡೆಂಟ್‌ಗೆ ಫಸ್ಟ್ ಟೈಮ್ ರೆಕಮೆಂಡೇಶನ್ ಬರೀಬೇಕಾಗೇದ. ನೀವು ನನಗ ಬರ್ದಿದ್ದ ಲೆಟರ್ ಕಳಸ್ತೀರಿ? ಅದನ್ನ ನೋಡಿ ಬರೀತೀನಿ.”

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಕ್ಲಾಸಿನಲ್ಲಿ ಸಮೀಕರಣ ಅರ್ಧಕ್ಕೆ ಬಿಟ್ಟು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತೇನೆ, ವಿದ್ಯಾರ್ಥಿಗಳು ಕಾಯುತ್ತಾರೆ.

ನಿನ್ನ ವಿದ್ಯಾರ್ಥಿಗೆ ಆ ಹಳೆಯ ಪತ್ರ ನೋಡಿ ಬರೆಯಬೇಡ. ಆದರೂ ಕೇಳಿದ್ದೀಯ — ಪತ್ರ ಇದರ ಜೊತೆಗಿದೆ. ನಿನ್ನೆ ಅದನ್ನು ತೆರೆದು ಆ ಕೊನೆಯ ಸಾಲನ್ನು ಅಳಿಸಿದೆ. ಹೌದು, ಈಗಲೂ. ಅಳಿಸಿ, ಉಳಿದದ್ದನ್ನು ಓದಿದೆ. ತುಂಬ ಚೆನ್ನಾಗಿತ್ತು. ಕಳಿಸುವ ಗುಂಡಿಯವರೆಗೂ ಬೆರಳು ಹೋಗಿತ್ತು.

ಆಮೇಲೆ ಆ ಸಾಲನ್ನು, ಅಂದು ಬರೆದಿದ್ದ ಹಾಗೆಯೇ, ಮತ್ತೆ ಬರೆದೆ.